ಮಾಜಿಗಳು ಮತ್ತು ಪರದೆ ಎಳೆಯದ ಕಿಟಕಿ

ಟೀವಿಯಲ್ಲಿ ಯಾರದಾದರೂ ಹೆಸರಿನ ಹಿಂದೆ ‘ಮಾಜಿ’ ಎಂಬ ಪದ ಕಂಡರೆ ನನ್ನ ಕೈ ತಾನಾಗಿ ರಿಮೋಟಿಗೆ ಹೋಗುತ್ತದೆ. ಆ ಮನುಷ್ಯ ಇನ್ನೇನು ನಿಜ ಹೇಳಿಬಿಡುತ್ತಾನೆ ಎಂಬ ಭಯ. ನಿಜಕ್ಕೆ ಭಯವೇಕೆ ಎಂದು ನೀವು ಕೇಳಬಹುದು. ಕೆಲಸದ ಪರ್ಮಿಟ್ಟಿನ ನವೀಕರಣಕ್ಕೆ ಅರ್ಜಿ ಹಾಕಿ, ವಿದೇಶಿಯರ ವ್ಯವಹಾರ ನೋಡಿಕೊಳ್ಳುವ ಪೊಲೀಸರ ಕೈಗೆ ಪಾಸ್‌ಪೋರ್ಟು ಕೊಟ್ಟು ಪರದೇಶದಲ್ಲಿ ಕಾಯುತ್ತ ಕೂತವನಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ. ಅವನಿಗೆ ಹಾಲಿನವನ ಜೊತೆ ಜಗಳವಾಡುವುದಕ್ಕೂ ಭಯವೇ.

ತೊಂಬತ್ತೊಂಬತ್ತರ ವಸಂತದಲ್ಲಿ ನಾನು ಇದ್ದದ್ದು ಅದೇ ಸ್ಥಿತಿಯಲ್ಲಿ, ಡಚ್ಚರ ನಾಡಿನಲ್ಲಿ. ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಸಣ್ಣ ಊರಿನ ಸಾಲುಮನೆಯೊಂದರಲ್ಲಿ ನಾನು, ಹೆಂಡತಿ ವಸುಧಾ ಮತ್ತು ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ನನ್ನ ಮಾವ. ಮಾವ ದಿಲ್ಲಿಯಲ್ಲಿ ವಿದೇಶಾಂಗ ಖಾತೆಯಲ್ಲಿದ್ದು ನಿವೃತ್ತರಾದವರು. ಜೀವಮಾನವಿಡೀ ಒಂದು ಅಭಿಪ್ರಾಯವನ್ನೂ ಬಾಯಿಂದ ಹೊರಗೆ ಬಿಟ್ಟವರಲ್ಲ. ಹುಳಿಗೆ ಉಪ್ಪು ಸಾಕೇ ಎಂದು ಕೇಳಿದರೆ “ಪರಿಶೀಲಿಸೋಣ” ಎಂದು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು. ಅಂಥ ಮಾವ ಬೇಕಿತ್ತು ನನಗೆ, ಆ ದಿನಗಳಲ್ಲಿ.

ಆಗ ಬೆಲ್‌ಗ್ರೇಡಿನ ಮೇಲೆ ಬಾಂಬು ಬೀಳುತ್ತಿತ್ತು. ಅಲ್ಲಿನ ಸರ್ಕಾರ ತನ್ನದೇ ದೇಶದ ಒಂದು ಮೂಲೆಯ ಹಳ್ಳಿಗಳಿಂದ ಜನರನ್ನು ಓಡಿಸುತ್ತಿದೆ ಎಂಬುದು ಕಾರಣ. ಅಮೆರಿಕದ ಅಧ್ಯಕ್ಷರು ಮುಂದೆ ನಿಂತು ಹಾಕಿಸುತ್ತಿದ್ದರು. ನಾನು ಉಪ್ಪು ತಿನ್ನುತ್ತಿದ್ದ ಈ ದೇಶವೂ ಅವರ ಜೊತೆಗಿತ್ತು. ಸಂಜೆ ಟೀವಿ ಹಾಕಿದರೆ ಸಾಕು, ಆ ಅಧ್ಯಕ್ಷರ ನೀತಿ ತಪ್ಪು, ಅವಸರದ್ದು, ಅರೆಬೆಂದದ್ದು ಎಂದು ಹೇಳಲು ಮಾಜಿ ಕಾರ್ಯದರ್ಶಿಗಳು, ಮಾಜಿ ಸಲಹೆಗಾರರು, ಮಾಜಿ ಸೇನಾಧಿಕಾರಿಗಳು ಸಾಲಾಗಿ ಬಂದು ಕೂರುತ್ತಿದ್ದರು. ಎಲ್ಲರೂ ಗುಂಡಗೆ, ಕೆಂಪಗೆ, ಒಳ್ಳೆಯ ನಿದ್ದೆ ಮಾಡಿದವರ ಹಾಗೆ ಕಾಣುತ್ತಿದ್ದರು.

ನಮ್ಮ ಹಳೆಯ ರಾಜನೀತಿ ಗ್ರಂಥಗಳಲ್ಲಿ ಮಂತ್ರಿಯಾದವನು ಹೇಗಿರಬೇಕು ಎಂದು ಪುಟಗಟ್ಟಲೆ ಇದೆ. ಕೆಲಸ ಬಿಟ್ಟ ಮಂತ್ರಿ ಹೇಗಿರಬೇಕು ಎಂದು ಬರೆದದ್ದನ್ನು ನಾನಂತೂ ಕಂಡಿಲ್ಲ. ಆಗೆಲ್ಲ ಕೆಲಸ ಬಿಟ್ಟವರು ಕಾಡಿಗೆ ಹೋಗುತ್ತಿದ್ದರೋ ಏನೋ. ಈಗ ಸ್ಟುಡಿಯೋಗೆ ಹೋಗುತ್ತಾರೆ.

ಮಾವನಿಗೆ ಈ ಮಾಜಿಗಳನ್ನು ಕಂಡರೆ ಮೈಯೆಲ್ಲ ಉರಿ. ಬೇರೆಲ್ಲ ವಿಷಯದಲ್ಲೂ ಮೌನವಾಗಿರುತ್ತಿದ್ದವರು ಇವರು ಬಂದರೆ ಸೋಫಾ ಬಿಟ್ಟು ಎದ್ದು ನಿಂತು ಬೆರಳು ತೋರಿಸುತ್ತಿದ್ದರು. “ಕುರ್ಚೀಲಿದ್ದಾಗ ಎಲ್ಲಿಗ್ರೀ ಹೋಗಿತ್ತು ಈ ಬುದ್ಧಿ? ಪೆನ್ಶನ್ ಬಂದ್ಮೇಲೆ ಧೈರ್ಯ ಬಂತೇನು?” ಟೀವಿಯೊಳಗಿನವರು ಉತ್ತರ ಕೊಡದ ಕಾರಣ ದನಿ ಇನ್ನೂ ಏರುತ್ತಿತ್ತು. ನಾನು ಓಡಿಹೋಗಿ ಕಿಟಕಿಯ ಪರದೆ ಎಳೆಯುತ್ತಿದ್ದೆ.

ಈ ಪರದೆಯ ಸಂಗತಿ ಸ್ವಲ್ಪ ಹೇಳಬೇಕು. ಈ ದೇಶದಲ್ಲಿ ಯಾರೂ ಮುಂದಿನ ಕೋಣೆಯ ಪರದೆ ಎಳೆಯುವುದಿಲ್ಲ. ದೀಪ ಹಾಕಿಕೊಂಡು, ದೊಡ್ಡ ಗಾಜಿನ ಹಿಂದೆ ಉಣ್ಣುತ್ತಾರೆ, ಓದುತ್ತಾರೆ, ಆಕಳಿಸುತ್ತಾರೆ. ಬೀದಿಯಲ್ಲಿ ಸೈಕಲ್ಲಿನಲ್ಲಿ ಹೋಗುವ ಯಾರು ಬೇಕಾದರೂ ನೋಡಬಹುದು. ಮುಚ್ಚಿಡುವಂಥದ್ದು ನಮ್ಮಲ್ಲೇನೂ ಇಲ್ಲ ಎಂಬ ಹೆಮ್ಮೆ. ನನಗೂ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆದರೂ ಎಳೆಯುತ್ತಿದ್ದೆ. ಮಾವ “ಸೆಖೆ” ಎಂದು ಮತ್ತೆ ಸರಿಸುತ್ತಿದ್ದರು. ಬೆಸ್ಟ್‌ನಲ್ಲಿ, ಏಪ್ರಿಲ್ ತಿಂಗಳಲ್ಲಿ, ಸೆಖೆಯಂತೆ!

ಹಾಗೆ ತೆರೆದ ಕಿಟಕಿಯಿಂದಲೇ ಎಡವಟ್ಟಾಯಿತು. ಪಕ್ಕದ ಮನೆಯ ಮಿಲೇನಾ ಬೆಲ್‌ಗ್ರೇಡಿನವಳು. ದಂತವೈದ್ಯರೊಬ್ಬರ ಬಳಿ ಸಹಾಯಕಿ. ಅವಳ ತಾಯಿ ಅಲ್ಲಿ ಒಬ್ಬಳೇ ನಾಲ್ಕನೇ ಮಹಡಿಯಲ್ಲಿದ್ದಳು. ಸೈರನ್ ಕೂಗಿದರೂ ನೆಲಮಾಳಿಗೆಗೆ ಇಳಿಯಲು ಒಪ್ಪುತ್ತಿರಲಿಲ್ಲವಂತೆ. ಫೋನು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಮಿಲೇನಾಳ ಮುಖ ದಿನದಿನಕ್ಕೂ ಇಳಿಯುತ್ತಿತ್ತು. ನಾನು ಕಸದ ಡಬ್ಬಿ ಹೊರಗಿಡುವಾಗ ಅವಳು ಎದುರಾದರೆ ಹವಾಮಾನದ ಮಾತಾಡಿ ಒಳಗೆ ಬಂದುಬಿಡುತ್ತಿದ್ದೆ.

ಅವಳು ಕೆಲಸದಿಂದ ಬರುವಾಗ ದಿನಾ ನಮ್ಮ ಕಿಟಕಿಯಲ್ಲಿ ನೋಡುತ್ತಿದ್ದದ್ದು ಇಷ್ಟು: ಟೀವಿಯಲ್ಲಿ ಬೆಲ್‌ಗ್ರೇಡ್ ಸುದ್ದಿ, ಅದರ ಮುಂದೆ ಕೋಪದಿಂದ ಬೆರಳು ಝಳಪಿಸುತ್ತಿರುವ ಬೆಳ್ಳಿಗೂದಲಿನ ಭಾರತೀಯ. ಮಾತು ಕೇಳಿಸದು, ಕೇಳಿಸಿದರೂ ಕನ್ನಡ. ಮಾವ ಬೈಯುತ್ತಿದ್ದದ್ದು ಅಧ್ಯಕ್ಷರನ್ನು ಟೀಕಿಸುವವರನ್ನು. ಅವಳು ತಿಳಿದದ್ದು ಅಧ್ಯಕ್ಷರನ್ನೇ ಎಂದು.

ಒಂದು ಶನಿವಾರ ಕೇಕು ಹಿಡಿದುಕೊಂಡು ಬಂದಳು. ಬಾಂಬು ಹಾಕುವುದನ್ನು ವಿರೋಧಿಸಿ ಬಡಾವಣೆಯ ಸಭಾಭವನದಲ್ಲಿ ಒಂದು ಸಣ್ಣ ಸಭೆ, ನೀವು ರಾಜತಾಂತ್ರಿಕರಂತೆ, ನಾಲ್ಕು ಮಾತಾಡಬೇಕು ಎಂದು ಮಾವನನ್ನು ಕೇಳಿದಳು. ನಾನು ಎದ್ದು ಹೋಗಿ ಪರದೆ ಎಳೆದೆ. ಮಾವ ಎಂದಿನಂತೆ “ಪರಿಶೀಲಿಸೋಣ” ಎನ್ನುವವರಿದ್ದರು. ಅಷ್ಟರಲ್ಲಿ ಅವಳು ತಾಯಿಯ ಬೀದಿಯ ಹೆಸರು ಹೇಳಿದಳು. ಮಾವ ಕೇಕಿನ ತಟ್ಟೆ ಕೆಳಗಿಟ್ಟರು. ಚಿಕ್ಕ ವಯಸ್ಸಿನಲ್ಲಿ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ದಿನಾ ಅದೇ ಬೀದಿಯಲ್ಲಿ ನಡೆದು ಹೋಗುತ್ತಿದ್ದರಂತೆ. “ಮೂಲೆಯಲ್ಲಿ ಬೇಕರಿ ಇತ್ತಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇನ್ನೂ ಇದೆ ಎಂದು ಮಿಲೇನಾ ಅತ್ತಳು.

ಅವಳು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ವಸುಧಾಳ ಮುಂದೆ ಗೋಳಾಡಿದೆ. ಟೂರಿಸ್ಟ್ ವೀಸಾದಲ್ಲಿ ಬಂದವರು ರಾಜಕೀಯ ಮಾತಾಡಿದರೆ? ನನ್ನ ಪರ್ಮಿಟ್ ನಿಂತರೆ? ಅವಳು ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ.

“ರೀ, ಅಪ್ಪ ಮಾತಾಡೋದನ್ನ ನಮ್ಮಮ್ಮನೇ ಇನ್ನೂ ಸರಿಯಾಗಿ ಕೇಳಿಲ್ಲ. ನಿಮ್ಮ ಪೊಲೀಸರು ಏನು ಕೇಳ್ತಾರೆ, ಸುಮ್ನಿರಿ.”

ಸಭೆಯಲ್ಲಿ ಒಂದಿಪ್ಪತ್ತು ಜನ, ಈ ದೇಶದ ಪದ್ಧತಿಯಂತೆ ಒಂದು ಕಾಫಿ, ಒಂದೇ ಒಂದು ಬಿಸ್ಕತ್ತು. ಮಾವ ಕ್ಲೋಸ್ ಕಾಲರ್ ಕೋಟು ಹಾಕಿಕೊಂಡು ಎದ್ದರು. ಎಲ್ಲ ಕಡೆಯವರ ಕಾಳಜಿಗಳನ್ನೂ ಗಮನದಲ್ಲಿಟ್ಟುಕೊಂಡು, ಸಂಬಂಧಪಟ್ಟವರು ಸಂಯಮ ತೋರಿ, ಮಾತುಕತೆಯ ದಾರಿಯನ್ನು ಅನ್ವೇಷಿಸಬಹುದೇನೋ ಎಂಬಲ್ಲಿಗೆ ಅವರ ಭಾಷಣ ಬಂತು. ನನಗೆ ಹೋದ ಜೀವ ಬಂದಂತಾಯಿತು. ಬಿಸ್ಕತ್ತನ್ನು ಆಗ ತಿಂದೆ.

ಮುಂದಿನ ಸಾಲಿನಿಂದ ಒಬ್ಬ ಉದ್ದನೆಯ ಡಚ್ ಮುದುಕ ಎದ್ದ. ಇವರ ನೇರ ಮಾತು ಗೊತ್ತಲ್ಲ, ನಾವಾಗಿದ್ದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆವು.

“ಸರ್, ಚೆನ್ನಾಗಿ ಮಾತಾಡಿದಿರಿ. ಆದರೆ ಏನೂ ಹೇಳಲಿಲ್ಲ. ಆ ಅಧ್ಯಕ್ಷರು ಮಾಡುತ್ತಿರುವುದು ಸರಿಯೋ ತಪ್ಪೋ?”

ಮಾವ ಕನ್ನಡಕ ತೆಗೆದು ಒರೆಸಿದರು. ನಾನು ಮನಸ್ಸಿನಲ್ಲೇ “ಪರಿಶೀಲಿಸೋಣ, ಪರಿಶೀಲಿಸೋಣ” ಎಂದು ಅವರಿಗೆ ಹೇಳಿಕೊಡುತ್ತಿದ್ದೆ. ಅವರು ಮಿಲೇನಾಳತ್ತ ನೋಡಿದರು.

“ತಪ್ಪು,” ಎಂದರು. “ಅಲ್ಲಿನ ಸರ್ಕಾರ ಹಳ್ಳಿಗಳಿಂದ ಜನರನ್ನು ಓಡಿಸುತ್ತಿದೆಯಲ್ಲ, ಅದೂ ಘೋರ ತಪ್ಪು. ನಾಲ್ಕನೇ ಮಹಡಿಯ ಒಬ್ಬ ಮುದುಕಿಯನ್ನು ಹೆದರಿಸಿ ಅದನ್ನು ಸರಿಪಡಿಸಲು ಆಗುವುದಿಲ್ಲ.” ಕೂತರು. ಕನ್ನಡಕವನ್ನು ಮತ್ತೆ ಹಾಕಿಕೊಂಡರು. ನಾನು ಬಾಗಿಲ ಕಡೆ ನೋಡಿದೆ.

ಬುಧವಾರದ ಊರ ಪತ್ರಿಕೆಯಲ್ಲಿ ಮಾವನ ಫೋಟೋ ಬಂತು. ಗುಮಾಸ್ತರಾಗಿ ಸೇರಿ ಉಪ ಕಾರ್ಯದರ್ಶಿಯಾಗಿ ಹೊರಬಂದವರನ್ನು ಪತ್ರಿಕೆಯವರು ‘ಮಾಜಿ ರಾಯಭಾರಿ’ ಮಾಡಿದ್ದರು. ಅಧ್ಯಕ್ಷರ ನೀತಿ ತಪ್ಪು ಎಂದು ಮಾಜಿ ರಾಯಭಾರಿ! ತಿಂಡಿ ಬಿಟ್ಟು ಎದ್ದೆ. ಪೊಲೀಸರು ಬರುವುದಕ್ಕೆ ಮುಂಚೆ ನಾನೇ ಹೋಗಿ ಒಪ್ಪಿಕೊಂಡುಬಿಟ್ಟರೆ ಶಿಕ್ಷೆ ಕಡಿಮೆಯಾದೀತು ಎಂಬುದು ನಮ್ಮ ಕಡೆಯ ಆಫೀಸುಗಳಲ್ಲಿ ಕಲಿತ ವಿದ್ಯೆ. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ನನ್ನ ಮ್ಯಾನೇಜರ್ ಹೆಂಕ್ ಎದುರು ಪತ್ರಿಕೆ ಹಿಡಿದು ನಿಂತೆ. ನಮ್ಮ ಮಾವನ ಪರವಾಗಿ ಕ್ಷಮೆ ಕೇಳುತ್ತೇನೆ ಎಂದೆ.

ಹೆಂಕ್ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿ ಪತ್ರಿಕೆ ಓದಿದ. “ಮಾತಾಡಿದ್ದು ಅವರು. ನೀನ್ಯಾಕೆ ಸಾರಿ?” ಎಂದ. ಆಮೇಲೆ, “ನಿನಗೇನನ್ನಿಸುತ್ತೆ? ಅವರು ಹೇಳಿದ್ದು ಸರಿಯಾ?” ಎಂದು ಕೇಳಿದ.

ಕ್ಯಾಂಟೀನಿನಲ್ಲಿ ಮಜ್ಜಿಗೆ ಸಿಗುತ್ತದೆ. ನನ್ನನ್ನು ಈ ದೇಶದಲ್ಲಿ ಬದುಕಿಸಿದ ವಸ್ತು ಅದು. ಒಂದು ಲೋಟ ಪೂರ್ತಿ ಕುಡಿದೆ. ಹೆಂಕ್ ಕಾಯುತ್ತಲೇ ಇದ್ದ. “ಪರಿಶೀಲಿಸಬೇಕು,” ಎಂದೆ.

ಅಂದು ಸಂಜೆ ಯಾರೋ ಕಿಟಕಿಯ ಗಾಜು ಬಡಿದರು. ಪೊಲೀಸರೇ ಎಂದು ಪತ್ರಿಕೆಯನ್ನು ಸೋಫಾದ ಕೆಳಗೆ ತಳ್ಳಿದೆ. ನೋಡಿದರೆ ಮಿಲೇನಾ, ಚಪ್ಪಲಿಯಿಲ್ಲದ ಕಾಲಲ್ಲಿ, ಕೈಯಲ್ಲಿ ವೈರಿಲ್ಲದ ಫೋನು. ಲೈನು ಸಿಕ್ಕಿದೆ, ಅಮ್ಮನಿಗೆ ನಿಮ್ಮ ವಿಷಯ ಹೇಳಿದೆ, ಮಾತಾಡಬೇಕಂತೆ ಎಂದಳು. ಫೋನು ಅವಳ ಮನೆಯಿಂದ ದೂರವಾದರೆ ಗೊರಗುಟ್ಟುತ್ತಿತ್ತು. ಆದ್ದರಿಂದ ಮಾವ ಬೀದಿಗೆಲ್ಲ ಕಾಣುವಂತೆ ಕಿಟಕಿಗೆ ಒತ್ತಿಕೊಂಡು ನಿಂತರು. ಮೊದಲು ಆ ಭಾಷೆಯಲ್ಲಿ ನಮಸ್ಕಾರ ಹೇಳಿದರು. ಮರೆತುಹೋದ ಮಾತುಗಳಿಗಾಗಿ ತಡಕಾಡಿ, ಇನ್ನೊಂದೇ ವಾಕ್ಯ ಜೋಡಿಸಿದರು. ಮಿಲೇನಾ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತ ನಕ್ಕಳು. ಏನು ಕೇಳಿದರು ಎಂದೆ. “ಊಟ ಆಯಿತಾ ಎಂದು,” ಅಂದಳು.

ಮಾವ ಕೇಳಿಸಿಕೊಂಡು ನಮಗೆ ವರದಿ ಒಪ್ಪಿಸಿದರು. “ಆಯ್ತಂತೆ. ಕರೆಂಟಿಲ್ಲವಂತೆ, ಮೇಣದಬತ್ತಿ ಬೆಳಕಲ್ಲಿ ಬೀನ್ಸ್ ಕಾಳಿನ ಸಾರು.” ಅಷ್ಟರಲ್ಲಿ ಲೈನು ಹೋಯಿತು. ಅವರು ಫೋನನ್ನು ಇನ್ನೂ ಸ್ವಲ್ಪ ಹೊತ್ತು ಕಿವಿಯಲ್ಲೇ ಇಟ್ಟುಕೊಂಡಿದ್ದರು.

“ಆ ಊರಲ್ಲಿ ಮೂರು ವರ್ಷ ಇದ್ದೆ ಅಳಿಯಂದಿರೇ,” ಎಂದರು ಮಿಲೇನಾ ಹೋದ ಮೇಲೆ. “ಸರ್ವಿಸ್‌ನಲ್ಲಿದ್ದಾಗ ಯಾರನ್ನೂ ಊಟ ಆಯ್ತಾ ಅಂತ ಕೇಳಿರ್ಲಿಲ್ಲ.”

ಟೀವಿಯಲ್ಲಿ ಸುದ್ದಿ ಶುರುವಾಗಿತ್ತು. ಗುಂಡಗಿನ ಮಾಜಿಯೊಬ್ಬರು ಕೂತು ಅಧ್ಯಕ್ಷರ ತಪ್ಪುಗಳನ್ನು ಎಣಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ಎದ್ದು ಪರದೆಗೆ ಕೈ ಹಾಕಿದೆ. ಮಾವ ಈ ಸಲ ಬೆರಳು ತೋರಿಸಲಿಲ್ಲ.

“ಅದಿರ್ಲಿ ಬಿಡಿ,” ಎಂದರು. “ಸ್ವಲ್ಪ ವಾಲ್ಯೂಮ್ ಜಾಸ್ತಿ ಮಾಡಿ. ಪಕ್ಕದ ಮನೆಗೂ ಕೇಳಿಸ್ಲಿ.”