ಹತ್ತು ಹೆಜ್ಜೆ ದೂರದ ಕಾಫಿ

ಅವನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಬಿಸಿ ತಟ್ಟೆಗಳನ್ನು ಸಾಲಾಗಿ ಹೊತ್ತು ಹೊತ್ತು ಚರ್ಮ ನುಣ್ಣಗಾಗಿತ್ತು, ಅಲ್ಲಲ್ಲಿ ಸಾಂಬಾರು ಚೆಲ್ಲಿ ಸುಟ್ಟ ಕಲೆಗಳು. ಮಾಟುಂಗ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅವನು ಸಪ್ಲೈಯರ್. ನಾನು ದಾದರಿನ ಆಫೀಸಿಗೆ ಹೋಗುವ ಮುಂಚೆ ದಿನವೂ ಅಲ್ಲಿ ತಿಂಡಿ ತಿನ್ನುವ ಗಿರಾಕಿ. ಮೂವತ್ತು ವರ್ಷದ ಗೆಳೆತನ ಶುರುವಾದದ್ದು ಹಾಗೆ. ಅವನನ್ನು ನೆನೆದರೆ ನನಗೆ ಮೊದಲು ಬರುವುದು ಕಣ್ಣೀರಲ್ಲ, ಸಿಟ್ಟು.

ಆರು ಜನರ ಆರ್ಡರನ್ನು ಬರೆದುಕೊಳ್ಳದೆ ನೆನಪಿಟ್ಟುಕೊಳ್ಳುತ್ತಿದ್ದ. ಯಾರ ಹೆಸರೂ ಅವನಿಗೆ ಬೇಕಿರಲಿಲ್ಲ, ಮುಖ ಸಾಕು. "ನನ್ನ ಮುಖ ನೋಡಿ ಕೇಳಿದವರಿಗೆ ಒಂದು ಸೌಟು ಜಾಸ್ತಿ" ಎನ್ನುತ್ತಿದ್ದ. ತಾನು ಮಾತ್ರ ಅಡಿಗೆಮನೆಯ ಬಾಗಿಲಿಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು, ನಿಂತೇ ತಿನ್ನುತ್ತಿದ್ದ. ನನ್ನ ಮದುವೆಗೆ ಬಂದವನು ಪಂಕ್ತಿಯಲ್ಲಿ ಕೂರದೆ ಪಾಯಸದ ಬಕೆಟ್ ಹಿಡಿದಿದ್ದ. ನಾನು ಚಾಳಿನ ಕೋಣೆಯಲ್ಲಿ ಕಾಮಾಲೆಯಾಗಿ ಬಿದ್ದಿದ್ದಾಗ ಎರಡು ವಾರ ಡ್ಯೂಟಿಗೆ ಮೊದಲು ಗಂಜಿ ತಂದು, "ಉಣ್ಣು ಮಾರಾಯ, ನೀನು ಹೋದ್ರೆ ಹೋಟೆಲಿಗೆ ಒಂದು ಗಿರಾಕಿ ಕಮ್ಮಿ" ಎಂದು ನಗಿಸಿದ್ದ.

ವಯಸ್ಸಾಗಿ ಇಬ್ಬರೂ ಕೆಲಸ ಬಿಟ್ಟು ಮನೆಯಲ್ಲಿದ್ದೆವು. ನಾವು ಹೋಗುತ್ತಿದ್ದ ಕನ್ನಡ ಸಂಘವೊಂದು ಮಲೇಷ್ಯಾಕ್ಕೆ ಆರು ದಿನದ ಪ್ರವಾಸ ಹೊರಡಿಸಿದಾಗ ಅವನ ಮಗಳೇ ಹಟ ಹಿಡಿದು ಅವನ ಹೆಸರು ಬರೆಸಿದಳು. ಏರ್‌ಪೋರ್ಟಿನಲ್ಲಿ ನನ್ನ ಕೈ ಹಿಡಿದುಕೊಂಡು, "ಅಂಕಲ್, ಪಪ್ಪ ಲೈಫಲ್ಲಿ ಕಭೀ ಆರಾಮಾಗಿ ಕೂತು ತಿಂದಿಲ್ಲ. ಬಸ್, ಅಷ್ಟೇ, ಆರು ದಿನ ಅವರನ್ನು ಕೂರಿಸಿ. ಪ್ರಾಮಿಸ್?" ಎಂದಳು. ಪ್ರಾಮಿಸ್ ಎಂದೆ. ಅಷ್ಟೇ ನನ್ನ ಜವಾಬ್ದಾರಿ.

ಮೊದಲ ದಿನ ಬೆಳಿಗ್ಗೆ ಕೌಲಾಲಂಪುರದ ಹೋಟೆಲಿನಲ್ಲಿ ತಿಂಡಿಗೆ ಇಳಿದೆವು. ಉದ್ದದ ಮೇಜಿನ ಮೇಲೆ ನಲವತ್ತು ಬಗೆ, ಎಲ್ಲವನ್ನೂ ನಾವೇ ಹಾಕಿಕೊಳ್ಳಬೇಕು. ನಮ್ಮ ಗುಂಪಿನ ಒಬ್ಬ ವಯಸ್ಸಾದ ಅಮ್ಮ ಯಾವುದರಲ್ಲಿ ಮಾಂಸ ಇದೆಯೋ ಎಂದು ಹೆದರಿ ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಇವನು ಎದ್ದು ಹೋಗಿ ಒಂದೊಂದೇ ಮುಚ್ಚಳ ತೆಗೆದು, ಅಲ್ಲಿನ ಅಡಿಗೆಯವನನ್ನು ಕೈಸನ್ನೆಯಲ್ಲೇ ವಿಚಾರಿಸಿ, ಅನ್ನ, ಮೊಸರು, ಹಣ್ಣು ತಂದುಕೊಟ್ಟ. ನನಗೆ ಹೆಮ್ಮೆಯಾಯಿತು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ಎರಡನೆಯ ದಿನ ಎಲ್ಲರ ಕಣ್ಣೂ ಅವನ ಮೇಲೆ. ಒಬ್ಬರಿಗೆ ಚಹಾ, ಇನ್ನೊಬ್ಬರಿಗೆ ಟೋಸ್ಟ್, ಮತ್ತೊಬ್ಬರಿಗೆ "ಸ್ವಲ್ಪ ಜ್ಯೂಸ್ ಸಿಕ್ಕಿದ್ರೆ..." ಕೈಕಾಲು ಗಟ್ಟಿಯಿದ್ದ ಜನ! ಸಂಘದ ವೇದಿಕೆ ಹತ್ತಿದರೆ ದುಡಿಮೆಯ ಗೌರವದ ಬಗ್ಗೆ ಮೈಕು ಬಿಡದ ಜನ! ನಾನು ಅವನ ಅಂಗಿ ಹಿಡಿದೆಳೆದು "ಕೂರು" ಎಂದೆ. "ಪಾಪ, ಅವರಿಗೆ ಗೊತ್ತಾಗುದಿಲ್ಲ ಮಾರಾಯ" ಎಂದು ಎದ್ದೇ ಹೋದ. ಎಡಗೈ ಮೇಲೆ ನಾಲ್ಕು ತಟ್ಟೆ ಸಾಲಾಗಿ ಇಟ್ಟುಕೊಂಡು ಬಂದಾಗ ಚಪ್ಪಾಳೆ ತಟ್ಟಿ ವಿಡಿಯೋ ತೆಗೆದರು. ಅವನು ಖುಷಿಯಿಂದ ನಗುತ್ತಿದ್ದ. ನನಗೆ ಆ ನಗುವನ್ನು ನೋಡಲಾಗಲಿಲ್ಲ. ನನ್ನ ಪಕ್ಕದಲ್ಲಿ ಅವನ ತಿಂಡಿ ತಣ್ಣಗಾಗಿತ್ತು.

ಮೂರನೆಯ ದಿನ ಸಂಘದ ಒಬ್ಬ ಹಿರಿಯ ಪದಾಧಿಕಾರಿ, ಶಾಲು ಹಾರಗಳಿಗೆ ಕುತ್ತಿಗೆ ಒಗ್ಗಿಹೋದ ಮನುಷ್ಯ, ಮೊಬೈಲಿನಿಂದ ಕಣ್ಣೆತ್ತದೆ ಚಿಟಿಕೆ ಹೊಡೆದರು. "ಏ, ಇಲ್ಲಿ ಎರಡು ಕಾಫಿ."

ನನ್ನ ಮೈ ಉರಿದುಹೋಯಿತು. ಹೋಗಬೇಕಾದದ್ದು ಆ ಮನುಷ್ಯನ ಮುಂದೆ. ನಾನು ಹೋಗಿ ನಿಂತದ್ದು ಕಾಫಿ ಹಿಡಿದು ಬರುತ್ತಿದ್ದ ಗೆಳೆಯನ ಮುಂದೆ. "ಮಾನ ಮರ್ಯಾದೆ ಉಂಟಾ ನಿಂಗೆ? ವಿಮಾನ ಹತ್ತಿ ಬಂದದ್ದು ಇಲ್ಲೂ ಸಪ್ಲೈಯರ್ ಆಗ್ಲಿಕ್ಕಾ?" ಎಂದು ಎಲ್ಲರೆದುರು ಕಿರುಚಿದೆ. ಪದಾಧಿಕಾರಿ ಆಗಲೂ ಮೊಬೈಲೇ ನೋಡುತ್ತಿದ್ದರು. ಹೇಡಿ ನಾನು. ದೊಡ್ಡವರನ್ನು ಬಿಟ್ಟು, ತಿರುಗಿ ಬೈಯದವನನ್ನು ಬೈದೆ.

ಅವನು ಎರಡೂ ಕಪ್ಪುಗಳನ್ನು ತುಳುಕಿಸದೆ ಅವರ ಮುಂದಿಟ್ಟು ಬಂದ. ಮೆಲ್ಲಗೆ ಹೇಳಿದ: "ನಿಂಗೂ ಮೂವತ್ತು ವರ್ಷ ಇದೇ ಕೈಯಲ್ಲಿ ಕೊಟ್ಟದ್ದು. ಆಗ ನನ್ನ ಮರ್ಯಾದೆಯ ನೆನಪು ಆಗ್ಲಿಲ್ವಾ?" ಆಮೇಲೆ ಸ್ವಲ್ಪ ನಕ್ಕು, "ನಾನು ಕೂರ್ಬೇಕು ಅಂತ ಅಷ್ಟು ಆಸೆ ಇದ್ರೆ ನೀನೇ ಒಂದು ಕಾಫಿ ತಂದು ಕೊಡು. ಕೂರ್ತೇನೆ" ಎಂದ. ಹೇಳಿದ್ದಷ್ಟೇ ಅಲ್ಲ, ಕುರ್ಚಿ ಎಳೆದು ಕೂತೇಬಿಟ್ಟ. ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕಾದ.

ಕಾಫಿ ಮೆಷಿನ್ ಹತ್ತು ಹೆಜ್ಜೆ ದೂರವಿತ್ತು. ನಾನು ಮುಖ ಊದಿಸಿಕೊಂಡು ಹೊರಗೆ ಹೋಗಿ ಬಸ್ಸಿನಲ್ಲಿ ಕೂತೆ.

ಉಳಿದ ದಿನಗಳಲ್ಲಿ ಬೇರೆ ಸೀಟು, ಬೇರೆ ಮೇಜು. ವಾಪಸು ಬಂದಾಗ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಪಪ್ಪ, ಕೂತು ತಿಂದ್ರಾ?" ನಾನು ಬಾಯಿ ಬಿಡುವ ಮುಂಚೆಯೇ ಅವನೆಂದ, "ತಿಂದೆ ತಿಂದೆ. ನಿನ್ನ ಅಂಕಲ್ ಬಿಡ್ಬೇಕಲ್ಲ!" ಆಮೇಲೆ ಫೋನಿನಲ್ಲಿ ಮಾತಾಡಿದೆವು, ಮೊಣಕಾಲು ನೋವು, ಲೋಕಲ್ ಟ್ರೇನಿನ ರಶ್ಶು, ಅಂಥದ್ದೇ. ಆ ಬೆಳಗಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ತಿಂಗಳಲ್ಲಿ ಅವನ ಹೃದಯ ನಿಂತಿತು.

ಅವನ ಉತ್ತರಕ್ರಿಯೆಯ ಊಟ ಡೊಂಬಿವಲಿಯ ಒಂದು ಸಭಾಂಗಣದಲ್ಲಿ ನಡೆಯಿತು. ಯಾರೂ ಕೇಳದಿದ್ದರೂ ನಾನು ಸಾಂಬಾರಿನ ಬಕೆಟ್ ಎತ್ತಿಕೊಂಡೆ. ಸಾಲಿನ ನಡುವೆ ಅದೇ ಪದಾಧಿಕಾರಿ, ಮೊಬೈಲ್ ನೋಡುತ್ತಾ ಬೆರಳಿನಿಂದ ಎಲೆ ತೋರಿಸಿದರು. ನಾನು ಸೌಟು ಹಿಡಿದು ಬಡಿಸದೆ ನಿಂತೆ. "ಮುಖ ನೋಡಿ ಕೇಳಿ" ಎಂದೆ. ಗಾಬರಿಯಿಂದ ತಲೆಯೆತ್ತಿದರು. ಆಮೇಲೆ ಬಡಿಸಿದೆ.

ಒಂದು ಕ್ಷಣ ಗೆದ್ದ ಹಾಗಾಯಿತು. ಮುಂದಿನ ಎಲೆಗೆ ಬಗ್ಗಿದಾಗ ಮಾಟುಂಗದ ಬೆಳಗುಗಳು ನೆನಪಾದವು. ಮೇಜಿಗೆ ತಿಂಡಿ ಬರುವಾಗ ನನ್ನ ಮುಖ ಯಾವಾಗಲೂ ಪೇಪರಿನ ಹಿಂದೆ ಇರುತ್ತಿತ್ತು. ಪೇಪರ್ ಇಳಿಸದೆಯೇ "ಇಡು" ಎನ್ನುತ್ತಿದ್ದೆ. ಆದರೂ ನನ್ನ ಬಟ್ಟಲಿಗೆ ಅವನು ಒಂದು ಸೌಟು ಜಾಸ್ತಿಯೇ ಹಾಕುತ್ತಿದ್ದ.