ಗೊಲಿಯಾತನ ಪಿಸುಮಾತು

ಫ್ರೆಡರಿಕ್ ಗೊಲಿಯಾತ್ ಅಂಗಡಿಗೆ ಬಂದು ರೊಟ್ಟಿ ಕೇಳಿದರೆ ವಜ್ರದ ಗಣಿಗಳಿಗೆ ಹೆಸರಾದ ಇಡೀ ಲ್ಯೂಡರಿಟ್ಜ್ ಪಟ್ಟಣ ಉಸಿರು ಬಿಗಿಹಿಡಿಯುತ್ತಿತ್ತು. ಕಡಲು ಕೂಡ ಅಲೆ ತಡೆದು ಕಿವಿಗೊಡುತ್ತಿತ್ತು. ಆರಡಿ ಮೂರಂಗುಲದ ಆ ಮಹಾಕಾಯ ಮಾತಾಡುತ್ತಿದ್ದದ್ದು ಬರೀ ಪಿಸುದನಿಯಲ್ಲಿ.

"ವಜ್ರ ನುಂಗಿದಾನೆ ಕಣ್ರೋ, ಬಾಯಿ ತೆಗೆದ್ರೆ ಉದುರುತ್ತೆ," ಎನ್ನುತ್ತಿದ್ದ ಅಂಗಡಿಯವ.

ಹನ್ನೊಂದು ವರ್ಷದಿಂದ ಗೊಲಿಯಾತ್ ಕಡಲ ನಡುವಿನ ಬಂಡೆಗಡ್ಡೆಯೊಂದರಲ್ಲಿ ಒಬ್ಬನೇ ನೀರುಕಾಗೆಗಳನ್ನು ಕಾಯುತ್ತಿದ್ದ. ಅಳಿದುಳಿದ ಆ ಕರಿಹಕ್ಕಿಗಳು ಗಟ್ಟಿ ದನಿಗೆ ಬೆದರಿ ಗೂಡು ಬಿಟ್ಟೆದ್ದರೆ, ಹೊಂಚು ಹಾಕಿದ ಬೇರೆ ಕಡಲಹಕ್ಕಿಗಳು ಮೊಟ್ಟೆ ಕದಿಯುತ್ತಿದ್ದವು. ಯಾವುದಾದರೂ ತಾಯಿ ಕತ್ತೆತ್ತಿದರೆ ಸಾಕು, "ಕೂತಿರವ್ವ, ಕೂತಿರು," ಎಂದು ಪಿಸುಗುಡುತ್ತಿದ್ದ. ಆರಾರು ತಿಂಗಳು ಅವನಾಡುತ್ತಿದ್ದ ಮಾತು ಅದೊಂದೇ.

ರಜೆಯ ಕೊನೆಯ ದಿನ ಅಕ್ಕ ಆಲ್ವೀನಾ ಮೀನು ಹುರಿದು ಬಡಿಸಿದಳು. ಅವಳಿಗೆ ಈಚೆಗೆ ಕಿವಿ ಮಂದ. ಊಟ ಮುಗಿದು ಅವಳು ತಟ್ಟೆ ಎತ್ತಿಕೊಂಡು ಏಳುವಾಗ ತಮ್ಮನ ತುಟಿ ಅಲುಗಿತು.

"ಏನಂದ್ಯೋ? ಇಲ್ಲಿ ಯಾವ ಹಕ್ಕಿ ಕಾವಿಗೆ ಕೂತಿದೆ ಅಂತ ಗುಸುಗುಸು? ನಾಳೆ ಹೋದ್ರೆ ಮತ್ತೆ ಆರು ತಿಂಗಳು. ಗಟ್ಟಿಯಾಗಿ ಹೇಳೋ, ಗೂಬೆ!"

ಗೊಲಿಯಾತ್ ಗಂಟಲು ಸರಿಮಾಡಿಕೊಂಡ.

"ಇನ್ನೊಂದು ಸ್ವಲ್ಪ ಹೊತ್ತು ಕೂತಿರಕ್ಕ ಅಂದೆ."