ಜಪಾನಿ ಬಚ್ಚಲಲ್ಲಿ ಬಾಣಂತಿ ಸ್ನಾನ

ನೀರಿಗೆ ಇಳಿಯುವ ಮೊದಲು ಚೆನ್ನಾಗಿ ಸ್ನಾನ ಮಾಡಿಕೊಳ್ಳಿ ಎಂದು ಆ ಹೆಂಗಸು ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ನಾವು ಬಂದಿದ್ದೇ ಸ್ನಾನಕ್ಕೆ. ವರ್ಜೀನಿಯಾದ ಹರ್ನ್‌ಡನ್‌ನಲ್ಲಿರುವ ನಮ್ಮ ಮನೆಯಿಂದ ಏಳು ಗಂಟೆ ಕಾರು ಓಡಿಸಿಕೊಂಡು ನಾರ್ತ್ ಕೆರೊಲಿನಾದ ಬೆಟ್ಟ ಹತ್ತಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಚಾಪೆ ಹಾಸಿದ ಕೋಣೆಯಲ್ಲಿ ಹತ್ತಿಯ ನಿಲುವಂಗಿ ಸುತ್ತಿಕೊಂಡು ನಿಂತಿದ್ದೆ. ಸ್ನಾನಕ್ಕೂ ಮುಂಚೆ ಒಂದು ಸ್ನಾನವಿದೆ ಎಂದು ಆ ಜಪಾನಿ ಒಡತಿ ನಿಧಾನವಾದ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದಳು. ತೊಟ್ಟಿಯ ನೀರು ಕೊಳೆ ತೆಗೆಯಲು ಅಲ್ಲವಂತೆ, ಸುಮ್ಮನೆ ಕೂತಿರಲು. ಸುಮ್ಮನೆ ಕೂರಲು ಹೆದರಿಯೇ ನಾನು ಮೂರು ತಿಂಗಳಿಂದ ಅಡುಗೆಮನೆಯ ಕಪಾಟುಗಳನ್ನು ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ.

ಇಂಥ ವಸತಿಗೃಹಕ್ಕೆ ಜಪಾನಿನಲ್ಲಿ ರ್ಯೋಕಾನ್ ಎನ್ನುತ್ತಾರೆ. ಬಿಸಿನೀರಿನ ಬುಗ್ಗೆಯಿರುವ ಜಾಗ ಒನ್ಸೆನ್. ಬೆಟ್ಟದ ಬುಗ್ಗೆಯೊಂದನ್ನು ಹಿಡಿದು ಈಕೆ ಇಲ್ಲಿ ತನ್ನ ಊರಿನದನ್ನೇ ಕಟ್ಟಿಕೊಂಡಿದ್ದಾಳೆ. ಪ್ರತಿ ಕೋಣೆಯ ಹಿಂದೆ ಮರದ ಗೋಡೆಯ ಮರೆಯಲ್ಲಿ ನಿಮಗೆಂದೇ ಒಂದು ತೊಟ್ಟಿ, ಮೇಲೆ ಬರೀ ಆಕಾಶ. ಊಟ ಕೋಣೆಗೇ ಬರುತ್ತದೆ. ನಮ್ಮಲ್ಲಿ ಎಲೆಯ ತುದಿಗೆ ಬಡಿಸುವಷ್ಟನ್ನು ಹನ್ನೆರಡು ಬಟ್ಟಲಲ್ಲಿ ತಂದು, ಒಂದೊಂದಕ್ಕೂ ತಲೆಬಾಗಿಸಿ ಹೋಗುತ್ತಾರೆ. ನನ್ನ ಗಂಡ ಸುಹಾಸ್ ಒಂದು ಚೂರು ಕುಂಬಳಕಾಯಿಯನ್ನು ಕಡ್ಡಿಯಲ್ಲಿ ಎತ್ತಿ ಹಿಡಿದು, "ಊಟದ ಸ್ಯಾಂಪಲ್ ಕೊಟ್ಟಿದಾರೆ ಕಣೆ, ಆರ್ಡರ್ ಮಾಡೋದು ಯಾವಾಗ?" ಎಂದ. ನನಗೆ ನಗು ಬಂತು. ನಕ್ಕೆನಲ್ಲ ಎಂದು ಆಮೇಲೆ ಅಳುವೂ ಬಂತು.

ಬಸಿರಿನ ಎಂಟನೆಯ ತಿಂಗಳಲ್ಲಿ, ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. ಮಗುವಿನ ಎದೆಬಡಿತ ನಿಂತಿತ್ತು. ಆದರೂ ಹೆರಬೇಕಾಯಿತು. ಹೆಣ್ಣು ಮಗು, ತಲೆ ತುಂಬ ಕೂದಲು. ಕೂಸುಗಳನ್ನು ಸುಡುವುದಿಲ್ಲವಲ್ಲ, ಹರ್ನ್‌ಡನ್ ಹತ್ತಿರದ ಸ್ಮಶಾನದಲ್ಲಿ ಮಕ್ಕಳಿಗೆಂದೇ ಇರುವ ಮೂಲೆಯಲ್ಲಿ ಮಣ್ಣು ಮಾಡಿದೆವು. ಮೂರನೆಯ ದಿನ ನನಗೆ ಎದೆಹಾಲು ಬಂತು. ಮಗು ಇಲ್ಲವೆಂದು ಮೈಗೆ ಯಾರೂ ಹೇಳಿರಲಿಲ್ಲ.

ಮೈಸೂರಿನಲ್ಲಿದ್ದ ಅಮ್ಮ ಬರುವಂತಿರಲಿಲ್ಲ. ಕೊರೋನಾದ ಆ ದಿನಗಳಲ್ಲಿ ವೀಸಾ ಸಂದರ್ಶನಗಳೇ ನಿಂತುಹೋಗಿದ್ದವು. ನಾನು ಹೋದರೆ ವಾಪಸು ಬರುವ ಖಾತ್ರಿಯಿಲ್ಲ. ಏಳನೆಯ ತಿಂಗಳಲ್ಲೇ ಅಮ್ಮ ಬಾಣಂತನದ ಸಾಮಾನು ಕೊರಿಯರ್ ಮಾಡಿದ್ದಳು: ಲೇಹ್ಯ, ಅಂಟಿನುಂಡೆ, ಶುಂಠಿಪುಡಿ, ತಾನೇ ಕಾಯಿಸಿದ ಎಣ್ಣೆ. ಆ ಪೆಟ್ಟಿಗೆ ದಾರಿಯಲ್ಲೆಲ್ಲೋ ಕುಳಿತು, ಮಣ್ಣು ಮಾಡಿ ಬಂದ ವಾರಕ್ಕೆ ಮನೆ ಬಾಗಿಲಿಗೆ ಬಂತು. ಅಮ್ಮನಿಗೆ ಫೋನು ಮಾಡಿ, ಇದನ್ನೇನು ಮಾಡಲಿ ಎಂದೆ.

"ಅದನ್ನೆಲ್ಲ ಯಾರಿಗಾದ್ರೂ ಕೊಟ್ಬಿಡು ಪುಟ್ಟಿ. ಆಗಿದ್ದು ಆಗೋಯ್ತು. ಮನಸ್ಸಿಗೆ ಹಚ್ಕೋಬೇಡ, ಆಫೀಸಿಗೆ ಹೋಗೋಕ್ ಶುರು ಮಾಡು."

ಅಲ್ಲಿಂದ ಮುಂದೆ ನಮ್ಮ ಮಾತೆಲ್ಲ ಹುಳಿ, ಸಾರು, ಹವಾಮಾನ. ನನ್ನ ಅಕ್ಕನ ಎರಡು ಹೆರಿಗೆಗೂ ನಲವತ್ತು ದಿನ ಹಂಡೆಗಟ್ಟಲೆ ನೀರು ಹೊಯ್ದವಳು ನನ್ನನ್ನು ಒಮ್ಮೆಯೂ ಬಾಣಂತಿ ಎನ್ನಲಿಲ್ಲ. ಮಗು ಇಲ್ಲದಿದ್ದರೆ ಹೆತ್ತದ್ದೂ ಸುಳ್ಳಾಗುತ್ತದೆಯೇ? ಅಮ್ಮನ ಮೇಲೆ ನನಗೆ ಕೆಟ್ಟ ಕೋಪವಿತ್ತು. ಅವಳ ಬಾಯಿಂದ ಆ ಒಂದು ಮಾತು ಬರಲಿ ಎಂದು ಕಾಯುತ್ತಿದ್ದೆ, ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಎಣ್ಣೆಯನ್ನು ಯಾರಿಗೂ ಕೊಡಲಿಲ್ಲ. ಹಚ್ಚಿಕೊಳ್ಳೋಣವೆಂದರೆ ಅಪಾರ್ಟ್‌ಮೆಂಟಿನ ಬಚ್ಚಲು ಅದಕ್ಕೆ ಆಗಿಬರುವುದಿಲ್ಲ. ಅಲ್ಲಿ ಪರದೆ ಎಳೆದುಕೊಂಡು ಟಬ್ಬಿನೊಳಗೆ ನಿಂತೇ ಮೀಯಬೇಕು. ನೆಲಕ್ಕೆ ನಾಲ್ಕು ಚೊಂಬು ನೀರು ಬಿದ್ದರೆ ಕೆಳಗಿನ ಮನೆಯವರ ಸೂರು ತೊಟ್ಟಿಕ್ಕುತ್ತದೆ. ನನ್ನ ಬಾಯಲ್ಲಿ ಬಿಸಿನೀರು, ಬಿಸಿನೀರು ಎಂಬ ಮಾತನ್ನು ಕೇಳಿ ಕೇಳಿಯೇ ಸುಹಾಸ್ ಈ ಜಾಗ ಹುಡುಕಿದ್ದು. ಬಟ್ಟೆಯ ಮಧ್ಯೆ ನಾನು ಎಣ್ಣೆಯ ಬಾಟಲಿಯನ್ನೂ ಇಟ್ಟುಕೊಂಡೆ.

ತೊಟ್ಟಿಯ ಪಕ್ಕದಲ್ಲಿ ಕಲ್ಲುಹಾಸಿನ ಮೇಲೆ ಗಿಡ್ಡ ಮಣೆ, ಮರದ ಬಕೆಟ್ಟು, ನೀರು ಹರಿದುಹೋಗಲು ಕಿಂಡಿ. ಅಮೆರಿಕಕ್ಕೆ ಬಂದು ಆರು ವರ್ಷವಾದ ಮೇಲೆ ನಮ್ಮ ಮನೆಯಂಥ ಬಚ್ಚಲು ಕಂಡದ್ದು ಜಪಾನಿನವರ ಹತ್ತಿರ. ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ತಿಕ್ಕಿಕೊಂಡೆ. ಎರಡು ಬಕೆಟ್ಟು ನೀರು ಸುರಿದುಕೊಂಡರೆ ಒಡತಿ ಹೇಳಿದ ಮುಂಚಿನ ಸ್ನಾನ ಮುಗಿದಂತೆ, ಉಳಿದ ಎಣ್ಣೆಯನ್ನು ಬಿಸಿನೀರೇ ಬಿಡಿಸುತ್ತದೆ ಎಂದುಕೊಂಡು ಕತ್ತಿನವರೆಗೆ ಇಳಿದೆ. ಎಣ್ಣೆ ಬಿಟ್ಟಿತು. ಕನ್ನಡಿಯಂತಿದ್ದ ನೀರಿನ ಮೇಲೆಲ್ಲ ಹೋಟೆಲಿನ ಸಾಗುವಿನ ಹಾಗೆ ಪದರ ಕಟ್ಟಿತು.

ಟವೆಲು ಕೊಡಲು ಬಂದ ಒಡತಿ ಅದನ್ನು ನೋಡಿದಳು. ಬೈಯಲಿಲ್ಲ, ಅವಳೇ ತಪ್ಪು ಮಾಡಿದವಳಂತೆ ತಲೆಬಾಗಿಸಿ ತೊಟ್ಟಿಯ ಬಿರಡೆ ಎಳೆದಳು. ನಾಳೆ ಮಧ್ಯಾಹ್ನದವರೆಗೆ ಉಜ್ಜಿ ಹೊಸ ನೀರು ತುಂಬಬೇಕು. ನಿಲುವಂಗಿಯಲ್ಲಿ ಮುದುಡಿ ನಿಂತು, ನಮ್ಮಲ್ಲಿ ಹೆರಿಗೆಯಾದವರಿಗೆ ಹೀಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ ಎಂದು ತೊದಲಿದೆ.

"ಮಗು ಎಲ್ಲಿ?" ಎಂದಳು.

ಇಲ್ಲ ಎಂದೆ. ಆಕೆ ಖಾಲಿಯಾಗುತ್ತಿದ್ದ ತೊಟ್ಟಿಯನ್ನೇ ನೋಡುತ್ತ ನಿಂತಳು. ಆಮೇಲೆ, "ಬೆಳಿಗ್ಗೆ ಹೇಗೂ ತೊಟ್ಟಿ ಖಾಲಿ ಇರುತ್ತದೆ. ಕಲ್ಲಿನ ಮೇಲೆ ಎಷ್ಟು ಎಣ್ಣೆಯಾದರೂ ಹಚ್ಚಿಕೊಳ್ಳಿ, ಬುಗ್ಗೆಯ ನಲ್ಲಿ ಬಿಟ್ಟಿರುತ್ತೇನೆ" ಎಂದು ಹೋದಳು.

ಬೆಳಿಗ್ಗೆ ಮಣೆಯ ಮೇಲೆ ಕೂತೆ. ಸುಹಾಸ್ ಪ್ಯಾಂಟು ಮಡಚಿ ಬಕೆಟ್ಟು ಹಿಡಿದು ನಿಂತ. ನಮ್ಮ ಮನೆಗಳಲ್ಲಿ ಬಾಣಂತಿಯ ಬಚ್ಚಲ ಕಡೆ ಗಂಡಸರು ಸುಳಿಯುವುದಿಲ್ಲ. ಪಾಪ, ಅವನಿಗೇನು ಗೊತ್ತು? ನನ್ನನ್ನು ಕೇಳದೆ ಅಮ್ಮನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ತೊಟ್ಟಿಯ ಒಣಗಿದ ಕಟ್ಟೆಯ ಮೇಲಿಟ್ಟ. ಅಲ್ಲಿ ಆಗ ಸಂಜೆ.

"ಅತ್ತೆ, ನೀರು ಹೇಗ್ ಹಾಕ್ಬೇಕು ಹೇಳಿ. ಎಣ್ಣೆ ಹಚ್ಚಿದೀನಿ."

ಫೋನು ಕಟ್ ಮಾಡಲು ನಾನು ಎಣ್ಣೆಗೈ ಚಾಚಿದೆ.

"ನೀರು ಬಿಸಿ ಇದ್ಯಾ?" ಅಮ್ಮನ ದನಿ ಒಡೆದಿತ್ತು. "ಮೊದ್ಲು ಸೊಂಟಕ್ಕೆ ಹಾಕಿ. ಹತ್ರದಿಂದ ಬೇಡ, ಕೈ ಎತ್ತಿ, ರಭಸವಾಗಿ ಬೀಳ್ಬೇಕು. ಇನ್ನೊಂದ್ ಹಾಕಿ. ಸೊಂಟ ಗಟ್ಟಿಯಾಗ್ಬೇಕು ಅವ್ಳಿಗೆ." ಸುಹಾಸ್ ಹೊಯ್ದ. "ಈಗ ಬೆನ್ನಿಗೆ. ಭುಜಕ್ಕೆ. ತಲೆಗೆ ಕೊನೇಲಿ ಹಾಕಿ, ಬಾಣಂತಿ ತಲೆ ಬೇಗ ಒರೆಸ್ಬೇಕು, ಶೀತ ಆಗ್ಬಾರ್ದು."

ಬಾಣಂತಿ ಎಂದಳು. ಮೂರು ತಿಂಗಳು ಕಾದ ಮಾತು ಅಷ್ಟು ಸಲೀಸಾಗಿ ಬಂದುಬಿಟ್ಟಿತು. ನಾನು ಮೊಣಕಾಲಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತೆ. ಸುಹಾಸ್ ನಿಲ್ಲಿಸದೆ ನೀರು ಹಾಕುತ್ತಲೇ ಇದ್ದ, ಅವನೂ ಅಳುತ್ತಿದ್ದ. ಅಮ್ಮ ಮಾತ್ರ ಅಕ್ಕನ ಬಾಣಂತನದ ಹಳೆಯ ಗತ್ತಿನಲ್ಲಿ ಹೇಳುತ್ತಾ ಹೋದಳು.

"ಸಾಕು. ತಲೆ ಕಟ್ಟಿ ಒಳಗೆ ಮಲಗ್ಸಿ. ಹೊದಿಕೆ ಹಾಕಿ. ಹ್ಞಾಂ, ಈಗ ಮಗು ಕೊಡಿ."

ಸುಹಾಸನ ಕೈ ಅಲ್ಲೇ ನಿಂತಿತು.

ನಮ್ಮ ಕಡೆ ಬಾಣಂತಿಯ ಸ್ನಾನವಾದ ಮೇಲೆ ಅಜ್ಜಿಯಾದವಳು ಕಾಲು ನೀಡಿ ಕೂತು, ಮೊಣಕಾಲ ಕೆಳಗೆ ಎರಡೂ ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಮೀಯಿಸುತ್ತಾಳೆ.

"ಅಮ್ಮಾ?" ಎಂದೆ.

"ಇಲ್ಲೇ ಇದೀನಿ ಪುಟ್ಟಿ," ಎಂದಳು ಅಮ್ಮ. "ನೆಲದ್ ಮೇಲೆ ಕೂತಿದೀನಿ. ಯಾವಾಗ್ ಕೂತ್ನೋ ಗೊತ್ತಿಲ್ಲ ಕಣೆ. ಕಾಲು ನೀಡ್ಕೊಂಡು ಕೂತ್ಬಿಟ್ಟಿದೀನಿ."

ವಾಪಸು ಊರಿಗೇ ಹೋಗಿಬಿಡೋಣವೇ ಎಂದು ಸುಹಾಸ್ ಈಚೆಗೆ ಆಗಾಗ ಕೇಳುತ್ತಾನೆ. ನನಗೆ ಹೂಂ ಎನ್ನಲೂ ಆಗುವುದಿಲ್ಲ, ಉಹೂಂ ಎನ್ನಲೂ ಆಗುವುದಿಲ್ಲ. ನನ್ನ ಮಗಳು ಮಲಗಿರುವುದು ವರ್ಜೀನಿಯಾದ ಮಣ್ಣಿನಲ್ಲಿ. ಅವಳನ್ನು ಮೀಯಿಸಲು ಕಾಲು ನೀಡಿ ಕೂತವಳು ಮೈಸೂರಿನಲ್ಲಿದ್ದಾಳೆ.